ಓ ಎನ್ನುವವರೆಗೆ

ನಮ್ಮೂರಿಗೆ ಹೆಣ್ಣು ಕೊಡಲು ಬರುವವರು ಹುಡುಗನ ಸಂಬಳ ಕೇಳುವ ಮೊದಲು ಅಕ್ಕಪಕ್ಕದ ಮನೆಯವರು ಹೇಗೆ ಎಂದು ಕೇಳುತ್ತಾರೆ. ಕೇಳಲೇಬೇಕು. ದಿನಕ್ಕೊಮ್ಮೆ, ಹೊತ್ತು ಮುಳುಗುವುದರೊಳಗೆ, ಹೊರಗಿನವರು ಯಾರಾದರೂ ನಿಮ್ಮನ್ನು ಹೆಸರು ಹಿಡಿದು ಕರೆಯಬೇಕು, ನೀವು ಓ ಎನ್ನಬೇಕು, ಆ ಓ ಅವರ ಕಿವಿಗೆ ಬೀಳಬೇಕು. ಮನೆಯವರ ಕರೆ ನಡೆಯುವುದಿಲ್ಲ. ಹೆತ್ತ ತಾಯಿ ಗಂಟಲು ಹರಿಯುವಂತೆ ಕೂಗಿದರೂ ಲೆಕ್ಕಕ್ಕಿಲ್ಲ, ಆಗದವನೊಬ್ಬ ಬೇಲಿಯಾಚೆಯಿಂದ ಗದರಿದರೆ ಸಾಕು. ಒಂದು ಸಂಜೆ ತಪ್ಪಿದರೆ ಮರುದಿನ ಅಂಗಡಿಯವನು ನಿಮ್ಮ ಚಿಲ್ಲರೆಯನ್ನು ಹಿಂದೆ ನಿಂತವನ ಕೈಗೆ ಹಾಕುತ್ತಾನೆ, ಬಸ್ಸಿನಲ್ಲಿ ಯಾರೋ ಬಂದು ನಿಮ್ಮ ತೊಡೆಯ ಮೇಲೆ ಕೂರುತ್ತಾರೆ. ಅದು ನಗುವ ವಿಷಯ, ಎಲ್ಲರಿಗೂ ಒಂದಲ್ಲ ಒಂದು ದಿನ ಆದದ್ದೇ. ಸಾಲಾಗಿ ಹಲವು ಸಂಜೆ ತಪ್ಪಿದರೆ ಮಾತ್ರ ಯಾರೂ ನಗುವುದಿಲ್ಲ. ಆಗ ಹೊರಗಿನವರ ಕಣ್ಣಿಗೆ ನೀವು ಕಾಣುವುದಿಲ್ಲ, ಅವರ ನಾಲಿಗೆಯ ಮೇಲೆ ನಿಮ್ಮ ಹೆಸರು ನಿಲ್ಲುವುದಿಲ್ಲ. ಮನೆಯವರಿಗೆ ಎಲ್ಲ ಮೊದಲಿನಂತೆಯೇ ಇರುತ್ತದೆ. ಹಾಗಾಗಿ ಅವರಿಗೆ ಗೊತ್ತಾಗುವುದು ಎಲ್ಲರಿಗಿಂತ ಕೊನೆಗೆ.

ನಮ್ಮ ಜನ ಜಗಳವನ್ನೆಲ್ಲ ದೀಪ ಹಚ್ಚಿದ ಮೇಲೆ ಇಟ್ಟುಕೊಳ್ಳುತ್ತಿದ್ದರು. ಬೆಳಗ್ಗೆ ಕಸದ ವಿಷಯಕ್ಕೆ ಮುಖ ಊದಿಸಿಕೊಂಡವರೂ ಸಂಜೆ ಜಗಲಿಗೆ ಬಂದು, ಒಬ್ಬರನ್ನೊಬ್ಬರು ಕರೆದು, ಓ ಎನ್ನಿಸಿಕೊಂಡು, ಆಮೇಲೆ ಒಳಗೆ ಹೋಗಿ ನೆಮ್ಮದಿಯಾಗಿ ಬೈದುಕೊಳ್ಳುತ್ತಿದ್ದರು. ನಮ್ಮ ಪಕ್ಕದ ಮನೆಯಲ್ಲಿ ಬಸಲಿಂಗಮ್ಮ ಇದ್ದರು. ಅವರ ಪಾಲಿಗೆ ನಾನು, ನನ್ನ ಅಣ್ಣ. ನಮ್ಮ ಪಾಲಿಗೆ ಅವರು. ಅಪ್ಪ ಅಮ್ಮ ಹೋದ ಮೇಲೆ ನಮಗೆ ಇನ್ನೇನೂ ಬೇಕಾಗಿರಲಿಲ್ಲ.

ಅಣ್ಣ ರುದ್ರಮುನಿಗೆ ಉಗ್ಗು. ಮನೆಯ ಮುಂದಿನ ಕೋಣೆಯಲ್ಲಿ ಕುಕ್ಕರ್, ಸ್ಟೌ ರಿಪೇರಿ ಮಾಡುತ್ತಾನೆ. ಆ ಕೆಲಸಕ್ಕೆ ಹೆಚ್ಚು ಮಾತು ಬೇಡ. ಮಿಕ್ಕ ಅಕ್ಷರಗಳನ್ನು ಹೇಗೋ ತಳ್ಳಿಕೊಂಡು ದಾಟುತ್ತಾನೆ, ಓ ಮಾತ್ರ ಅವನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಯಿ ತೆರೆದಿರುತ್ತದೆ, ಕತ್ತಿನ ನರ ಉಬ್ಬಿರುತ್ತದೆ, ಸದ್ದು ಬರುವುದಿಲ್ಲ. ಬಸಲಿಂಗಮ್ಮ ಗೋಡೆಯಾಚೆಯಿಂದ "ರುದ್ರಾ" ಎಂದು ಕರೆದು, ಮೊರದಲ್ಲಿ ಅಕ್ಕಿ ಕೇರುತ್ತ ನಿಲ್ಲುತ್ತಿದ್ದರು. ಅವಸರ ಮಾಡುತ್ತಿರಲಿಲ್ಲ, ಮತ್ತೆ ಕರೆಯುತ್ತಿರಲಿಲ್ಲ, ಅಯ್ಯೋ ಪಾಪ ಎನ್ನುವ ಮುಖವನ್ನೂ ಮಾಡುತ್ತಿರಲಿಲ್ಲ. ಓ ಬಂದ ಮೇಲೆ "ಹ್ಞೂಂ" ಎಂದು ಒಳಗೆ ಹೋಗುತ್ತಿದ್ದರು.

ಬಸಲಿಂಗಮ್ಮ ಮಗಳ ಊರಿಗೆ ಹೊರಟುಹೋದರು. ಅವರ ಮನೆಯನ್ನು ಕೊಂಡವರು ಅದನ್ನು ಸಿಮೆಂಟಿನ ಗೋದಾಮು ಮಾಡಿಕೊಂಡರು. ಇನ್ನೊಂದು ಪಕ್ಕದಲ್ಲಿ ಎದ್ದ ಅಪಾರ್ಟ್‌ಮೆಂಟಿನವರು ತಮ್ಮತಮ್ಮಲ್ಲೇ ಕರೆದುಕೊಳ್ಳುತ್ತಿದ್ದರು. ನಾನು ಸಂಜೆಯಾದರೆ ಬೀದಿಗಿಳಿದು ದಾರಿಹೋಕರನ್ನು ತಡೆಯತೊಡಗಿದೆ. ಕರೆಯುವುದೇನೋ ಎಲ್ಲರೂ ಕರೆಯುತ್ತಿದ್ದರು, ಅದಕ್ಕೇನು ಕಷ್ಟ. ನಿಲ್ಲುವವರು ಇರಲಿಲ್ಲ. ಅಣ್ಣನ ಬಾಯಿ ತೆರೆದಿರುವಾಗಲೇ "ಆಯ್ತಲ್ಲಮ್ಮ" ಎಂದು ಸೈಕಲ್ ಹತ್ತಿಬಿಡುತ್ತಿದ್ದರು. ನಾನು ಸೈಕಲ್ಲಿನ ಹಿಂದಿನ ಸೀಟು ಹಿಡಿದು ಎಳೆದದ್ದೂ ಉಂಟು.

ಇದನ್ನೆಲ್ಲ ಮಹಡಿಯ ಮೇಲಿಂದ ನೋಡುತ್ತಿದ್ದವನು ಜಯತೀರ್ಥ. ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ, ಕಂಪ್ಯೂಟರ್ ಓದಿಕೊಂಡಿದ್ದ, ಕೆಲಸ ಸಿಕ್ಕಿರಲಿಲ್ಲ. ಒಂದು ಸಂಜೆ ಇಳಿದು ಬಂದು ಅವನೇ ಅಣ್ಣನನ್ನು ಕರೆದ. ಕರೆದು ಮೆಟ್ಟಿಲ ಮೇಲೆ ಕೂತ. ಅಣ್ಣನ ಓ ಬರುವವರೆಗೆ ಅಲುಗಾಡಲಿಲ್ಲ. ಆಮೇಲೆ ನನ್ನನ್ನು ಕೇಳಿದ, "ಗಂಗಾ, ಊರಲ್ಲಿ ಹಿಂಗೆ ಕರೆಯೋರಿಲ್ಲದೆ ಇನ್ನೆಷ್ಟು ಜನ ಇರಬಹುದು?" ನನ್ನ ಹೆಸರು ಶಿವಗಂಗಾ. ಅವನನ್ನು ನಾನು ಜಯಣ್ಣ ಎನ್ನುತ್ತಿದ್ದೆ. ಫೋನಿನಲ್ಲಿ ಬಂದ ಕರೆಯೂ ನಡೆಯುತ್ತದೆ, ಮೊದಲೇ ಮುದ್ರಿಸಿಟ್ಟ ದನಿ ನಡೆಯುವುದಿಲ್ಲ ಎಂಬುದನ್ನು ನಾವು ಅಣ್ಣನ ಮೇಲೆಯೇ ಪರೀಕ್ಷೆ ಮಾಡಿ ಕಂಡುಕೊಂಡೆವು. ಹಾಗೆ ಹುಟ್ಟಿದ್ದು ಸಂಜೆಕರೆ. ನಿಮ್ಮ ಫೋನು ರಿಂಗಾಗುತ್ತದೆ, ಊರಿನ ಇನ್ನಾವುದೋ ಮೂಲೆಯಲ್ಲಿ ಕೂತ ಒಬ್ಬರು ನಿಮ್ಮ ಹೆಸರು ಕರೆಯುತ್ತಾರೆ, ನೀವು ಓ ಎನ್ನುತ್ತೀರಿ, ಇಡುತ್ತಾರೆ. ಇಷ್ಟೇ.

ಆ ದಿನಗಳನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಅಷ್ಟು ಚೆನ್ನಾಗಿದ್ದವು. ನಮ್ಮ ಅಡುಗೆಮನೆಯ ಮೇಜೇ ಆಫೀಸು. ಜಯಣ್ಣ ಬರೆದ ಪ್ರೋಗ್ರಾಮನ್ನು ಅಣ್ಣನ ಫೋನಿಗೆ ಹಾಕುತ್ತಿದ್ದ, ಅಣ್ಣ ತಲೆಯಾಡಿಸಿದರೆ ಇಡುತ್ತಿದ್ದ, ಮುಖ ಸಿಂಡರಿಸಿದರೆ ಕಿತ್ತು ಮತ್ತೆ ಬರೆಯುತ್ತಿದ್ದ. ಮಾಡಬೇಕಾದ ಕೆಲಸಗಳನ್ನು ಹಳದಿ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆವು. ಜರೂರಿನದು ಮೇಲೆ, ನಿಧಾನವಾದರೂ ಆಗುವಂಥದ್ದು ಕೆಳಗೆ. ಎಲ್ಲಕ್ಕಿಂತ ಮೇಲೆ, ಕೈ ಎಟುಕದೆ ಸ್ಟೂಲು ಹತ್ತಿ, ಜಯಣ್ಣ ಅಂಟಿಸಿದ್ದ ಚೀಟಿ ಒಂದಿತ್ತು: ಓ ಕೇಳುವವರೆಗೆ ಫೋನ್ ಇಡಕೂಡದು. ಕರೆಯುವ ಕೆಲಸಕ್ಕೆ ಸೇರಿದವರಿಗೆ ನಾನು ಕಲಿಸುತ್ತಿದ್ದದ್ದೂ ಅದೊಂದನ್ನೇ, ಕಾಯುವುದನ್ನು.

ಒಂಟಿ ಜನ ಒಬ್ಬೊಬ್ಬರಾಗಿ ಸೇರಿದರು. ರಾತ್ರಿಪಾಳಿ ಮುಗಿಸಿ ಹಗಲೆಲ್ಲ ಮಲಗುವ ನರ್ಸು, ಬೇರೆ ಊರಿಂದ ವರ್ಗವಾಗಿ ಬಂದ ಮೇಷ್ಟ್ರು, ಗಂಡನ ಮನೆಯವರು ಬೀದಿಯನ್ನೆಲ್ಲ ಎತ್ತಿಕಟ್ಟಿದ್ದರಿಂದ ಯಾರೂ ಕರೆಯದ ಹೆಂಗಸು. ಜನ ಹೆಚ್ಚಾದ ಹಾಗೆ ಮೇಲಿನ ಚೀಟಿಯ ಪಕ್ಕ ಇನ್ನೊಂದು ಬಂತು: ಸಂಜೆ ಹೊತ್ತಿನಲ್ಲಿ ಸರ್ವರ್ ಬೀಳಕೂಡದು. ಅದೂ ಸರಿಯೇ. ಒಂದು ಸಂಜೆ ಸರ್ವರ್ ಬಿದ್ದು, ಮರುದಿನ ಮೇಷ್ಟ್ರಿಗೆ ಹಾಜರಿ ಸಿಕ್ಕಿರಲಿಲ್ಲ, ತರಗತಿಯಲ್ಲಿ ನಿಂತು ಪಾಠ ಮಾಡುತ್ತಿದ್ದರೂ.

ಆಮೇಲೆ ಹೊರಗಿನವರು ದುಡ್ಡು ಹಾಕಿದರು. ಮೇಜು ಹೋಗಿ ಗಾಜಿನ ಆಫೀಸು ಬಂತು. ನಮ್ಮ ಮಹಡಿ ಖಾಲಿಯಾಯಿತು. ಜಯಣ್ಣ ಜಯತೀರ್ಥ ಸರ್ ಆದರು. ದುಡ್ಡು ಹಾಕಿದವರು ಕೇಳುತ್ತಿದ್ದದ್ದು ಒಂದೇ: ಕರೆಯೋರಿಲ್ಲದವರು ಊರಲ್ಲಿ ಎಷ್ಟು ಮಂದಿ ಇದ್ದಾರು, ಅಷ್ಟಕ್ಕೇ ಒಂದು ಕಂಪನಿಯೇ? ನ್ಯಾಯವಾದ ಪ್ರಶ್ನೆ. ಹಾಗಾಗಿ ಕರೆಯುವವರು ತುಂಬಿ ತುಳುಕುತ್ತಿದ್ದವರನ್ನೂ ಸೇರಿಸಿಕೊಳ್ಳುವುದೆಂದಾಯಿತು. ಜಗಲಿಗೆ ಬಂದು ಕೂರುವ ರಗಳೆ ಯಾಕೆ, ಟೀವಿ ನೋಡುತ್ತಲೇ ಓ ಎನ್ನಿ ಎಂದು ಬಸ್ಸುಗಳ ಮೇಲೆ ಬರೆಸಿದರು. ಜನಕ್ಕೆ ಬೇಕಾಗಿದ್ದದ್ದೂ ಅದೇ. ಒಂದು ವರ್ಷದಲ್ಲಿ ಜಗಲಿಗಳಲ್ಲಿ ಚಪ್ಪಲಿ ಸ್ಟ್ಯಾಂಡ್ ಬಂದವು. ಈಗ ಸಂಜೆ ನಮ್ಮ ಬೀದಿಯಲ್ಲಿ ನಡೆದರೆ ನಾಯಿ ಬೊಗಳುವುದು ಬಿಟ್ಟರೆ ಬೇರೆ ಸದ್ದಿಲ್ಲ. ಬೇಕೆಂದರೂ ನಿಮ್ಮನ್ನು ಕರೆಯಲು ಯಾರಿಗೂ ನಿಮ್ಮ ಹೆಸರು ಗೊತ್ತಿಲ್ಲ.

ಗೋಡೆಯ ಮೇಲಿನ ಚೀಟಿಗಳೂ ಬೇರೆಯಾದವು. ಇಂಪಾದ ದನಿಯವರನ್ನು ಆರಿಸಿಕೊಳ್ಳುವ ಸೌಲಭ್ಯ. ಹುಟ್ಟುಹಬ್ಬದ ದಿನ ಮೂರು ಜನ ಒಟ್ಟಿಗೆ ಕರೆಯುವ ಸೌಲಭ್ಯ. ಹೆಚ್ಚು ಹಣ ಕೊಟ್ಟವರಿಗೆ ಹೆಸರಿನ ಮೊದಲು ಶ್ರೀಮಾನ್, ಕೊನೆಗೆ ಅವರೇ ಎಂದು ಸೇರಿಸಿ ಕರೆಯುವ ಸೌಲಭ್ಯ. ಬಟನ್ನಿನ ಬಣ್ಣ ಕೇಸರಿಯೋ ಕುಂಕುಮವೋ ಎಂಬುದಕ್ಕೆ ಒಂದಿಡೀ ವಾರ ಚರ್ಚೆ ನಡೆಯಿತು, ಊಟ ತರಿಸಿಕೊಂಡು. ಅಡುಗೆಮನೆಯಿಂದ ತಂದು ಅಂಟಿಸಿದ್ದ, ಓ ಕೇಳುವವರೆಗೆ ಎಂಬ ಮೇಲಿನ ಚೀಟಿ ಮಾತ್ರ ಹಳತಾಗಿ ಅಂಚು ಮಡಚಿಕೊಂಡಿದ್ದರೂ ಇದ್ದಲ್ಲೇ ಇತ್ತು. ಅದನ್ನು ಕಿತ್ತವನು ಶ್ರೀವತ್ಸ.

ಶ್ರೀವತ್ಸ ಹೊಸದಾಗಿ ಬಂದಿದ್ದ, ಯಾವ ಕೆಲಸ ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸುವುದೇ ಅವನ ಕೆಲಸ. ಕೆಟ್ಟವನಲ್ಲ. ಮೀಟಿಂಗಿನಲ್ಲಿ ಪರದೆಯ ಮೇಲೆ ಒಂದು ಉದ್ದದ ಗೆರೆ ತೋರಿಸಿದ. "ನೋಡಿ, ಬಹಳಷ್ಟು ಜನ ಕರೆದ ತಕ್ಷಣ ಓ ಅಂತಾರೆ. ಒಂದಷ್ಟು ಜನ ಮಾತ್ರ ಲೈನ್ ಹಿಡ್ಕೊಂಡೇ ಇರ್ತಾರೆ. ಇವರೊಬ್ಬರಿಗೆ ಕಾಯೋ ಹೊತ್ತಲ್ಲಿ ಇನ್ನೂ ಹತ್ತು ಜನರನ್ನ ಕರೀಬಹುದು. ಎರಡು ಉಸಿರಿನಷ್ಟು ಕಾದು ಮುಂದಕ್ಕೆ ಹೋಗೋಣ."

"ಆಮೇಲೆ ಅವರ ಗತಿ?" ಎಂದೆ.

"ಮೇಡಂ, ಅವರೂ ಸ್ವಲ್ಪ ಬೇಗ ಹೇಳೋದನ್ನ ರೂಢಿ ಮಾಡ್ಕೋತಾರೆ."

ನಾನು ಜಯತೀರ್ಥರ ಮುಖ ನೋಡಿದೆ. ಅವರು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದರು. "ಸರ್, ನೀವು ನಮ್ಮ ಮೆಟ್ಟಿಲ ಮೇಲೆ ಕೂತಿದ್ದು ಎರಡು ಉಸಿರಾ?" ಎಂದೆ. ಎಲ್ಲರೂ ಇರುವಾಗ ಹಾಗೆ ಕೇಳಬಾರದಾಗಿತ್ತಂತೆ. ಆಮೇಲೆ ಒಬ್ಬಳನ್ನೇ ಕರೆದು ಹೇಳಿದರು, "ಗಂಗಾ, ಆಗ ನಮಗೆ ಒಬ್ಬನೇ ಗಿರಾಕಿ. ಅವನಿಗೆ ಏನು ಬೇಕೋ ಅದನ್ನ ಮಾಡಿದ್ವಿ. ಈಗ ಊರಿಗೆ ಊರೇ ನಮ್ಮನ್ನ ನಂಬ್ಕೊಂಡಿದೆ. ರುದ್ರಣ್ಣನಂಥೋರಿಗೆ ಬೇರೆ ದಾರಿ ಮಾಡ್ತೀವಿ, ನಿಧಾನದೋರಿಗೆ ಅಂತಾನೇ ಒಂದು ಲೈನು. ನನ್ನ ಮಾತು." ಮಾತು ಕೊಟ್ಟರು, ಚೀಟಿಯನ್ನೂ ಬರೆದರು: ನಿಧಾನದವರ ಲೈನು. ಎದುರಿಗೇ ಅಂಟಿಸಿದರು. ಅದು ಆಗುವವರೆಗೆ ಹಳೆಯ ಗಿರಾಕಿಗಳಿಗೆ ಹಳೆಯ ರೀತಿಯೇ ನಡೆಯುತ್ತದೆ ಎಂದರು. ನಾನು ನಂಬಿದೆ. ನಂಬದೆ ಏನು ಮಾಡಲಿ, ಅವರು ನಮ್ಮ ಮನೆಯ ಊಟ ಉಂಡವರು.

ಆ ಚೀಟಿ ಪ್ರತಿ ಸೋಮವಾರ ಒಂದೊಂದು ಗೇಣು ಕೆಳಗಿಳಿಯಿತು. ಯಾರೂ ಅದನ್ನು ಬೇಡ ಎನ್ನಲಿಲ್ಲ. ಎಲ್ಲರೂ "ಖಂಡಿತ ಮಾಡಬೇಕಾದ್ದೇ" ಎಂದೇ ಕೆಳಗಿಳಿಸುತ್ತಿದ್ದರು. ಅದಕ್ಕಿಂತ ಮೇಲೆ ಬಂದದ್ದು ಹೊರ ಊರುಗಳ ಕೆಲಸ. ಹೊಳೆಯಾಚೆಯ ಊರುಗಳಲ್ಲಿ ಸಂಜೆ ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಯಾರೂ ಹೆಸರು ಹಿಡಿದು ಕರೆಯದಿದ್ದರೂ ಜನ ಕಣ್ಣಿಗೆ ಕಾಣುತ್ತ ಓಡಾಡಿಕೊಂಡಿರುತ್ತಾರೆ. ಆದರೂ ಅಲ್ಲಿಯವರಿಗೆ ಸಂಜೆಕರೆ ಬೇಕಂತೆ. ಯಾರಾದರೂ ತಮ್ಮನ್ನು ಕರೆದರೆ ಅವರಿಗೆ ಹಿತವಾಗುತ್ತದಂತೆ. ಈಗ ನಮ್ಮ ಕಂಪನಿಯ ಅರ್ಧಕ್ಕರ್ಧ ಜನ ದುಡಿಯುವುದು ಆ ಹಿತಕ್ಕಾಗಿ. ಓ ಎಂದರೂ ಎನ್ನದಿದ್ದರೂ ಅವರಿಗೆ ಒಂದೇ ಆದ್ದರಿಂದ, ಕರೆ ಹೋದರೆ ಸಾಕು, ಪರದೆಯ ಮೇಲೆ ಹಸಿರು ಗುರುತು ಬೀಳುವ ಹಾಗೆ ಬದಲಾಯಿಸಿದರು. ಎಲ್ಲ ಊರಿಗೂ ಒಂದೇ ಸಾಫ್ಟ್‌ವೇರ್ ಇದ್ದರೆ ಸಲೀಸು ಎಂದು ನಮ್ಮೂರಿಗೂ ಅದನ್ನೇ ಹಾಕಿದರು. ಯಾವಾಗ ಹಾಕಿದರೆಂದು ನನಗೆ ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಾರದು.

ಸಂಜೆ ನಮ್ಮ ಆಫೀಸಿನಲ್ಲಿ ಕೆಲಸ ಜೋರು. ನಾನು ಮನೆ ಸೇರುವಾಗ ಕತ್ತಲಾಗಿರುತ್ತಿತ್ತು. ನನಗೇನು, ಆಫೀಸಿನಲ್ಲಿ ಹತ್ತು ಜನ ಹತ್ತು ಕಾರಣಕ್ಕೆ ಕರೆಯುತ್ತಿದ್ದರು. ಹೊತ್ತು ಮುಳುಗುವಾಗ ನನ್ನ ಪರದೆಯಲ್ಲಿ ಅಣ್ಣನ ಹೆಸರು ನೋಡುತ್ತಿದ್ದೆ. ಹಸಿರು ಗುರುತು. ಸಮಾಧಾನ. ಮನೆಗೆ ಹೋದರೆ ಅಣ್ಣ ಅನ್ನ ಮಾಡಿಟ್ಟು ಕೂತಿರುತ್ತಿದ್ದ, ಎಂದಿನ ಹಾಗೆಯೇ.

ಒಂದು ಭಾನುವಾರ ಬೆಳಗ್ಗೆ ಹಿಂದಿನ ಬೀದಿಯ ಹೆಂಗಸೊಬ್ಬಳು ಕುಕ್ಕರ್ ಹಿಡಿದುಕೊಂಡು ಬಂದಳು. ಅಣ್ಣ ಬಾಗಿಲಲ್ಲೇ ಇದ್ದ, ಕುಕ್ಕರಿಗಾಗಿ ಕೈ ಚಾಚಿದ. ಅವಳು ಅವನ ಭುಜದ ಪಕ್ಕದಿಂದ ಒಳಗೆ ಇಣುಕಿ "ಯಾರೂ ಇಲ್ವೇನ್ರೀ ಮನೇಲಿ?" ಎಂದು ಕೂಗಿದಳು. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. "ಎದುರಿಗೇ ಇದ್ದಾನಲ್ಲ, ಕೊಡಿ" ಎಂದೆ.

"ಯಾರು?"

"ಅಣ್ಣ. ರುದ್ರಮುನಿ."

"ಏನ್ ಹೆಸರಂದ್ರಿ?" ಎಂದು ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಹೇಳಿದೆ. ಬಾಯಿ ಮುಚ್ಚಿ ತೆರೆದು ಮಾಡಿದಳು, ಏನೂ ಬರಲಿಲ್ಲ, ಪೆಚ್ಚಾಗಿ ನಕ್ಕಳು. "ಮೊದಲು ಇಲ್ಲಿ ಯಾರೋ ರಿಪೇರಿ ಮಾಡ್ತಿದ್ರು ಅಲ್ವಾ? ಬಿಟ್ಟುಬಿಟ್ರೇನೋ" ಎಂದು ಕುಕ್ಕರನ್ನು ಸೊಂಟಕ್ಕಿಟ್ಟುಕೊಂಡು ಹೊರಟುಹೋದಳು. ಅಣ್ಣ ಚಾಚಿದ ಕೈಯನ್ನು ಲುಂಗಿಗೆ ಒರೆಸಿಕೊಂಡ. ಕೋಣೆಯೊಳಗೆ ನೋಡಿದೆ. ರಿಪೇರಿಗೆ ಬಂದ ಕುಕ್ಕರ್ ಒಂದೂ ಇರಲಿಲ್ಲ, ನೆಲ ಗುಡಿಸಿ ಸಾರಿಸಿದಂತಿತ್ತು.

"ಯಾವಾಗಿಂದ?" ಎಂದೆ.

"ಕ... ಕರೀತಿದ್ರು. ನಾನು ಬಾ... ಬಾಯಿ ತೆಗೆಯೋದ್ರೊಳಗೆ ಇ... ಇಟ್‌ಬಿಡ್ತಿದ್ರು. ಈಗ ರಿಂ... ರಿಂಗ್ ಮಾತ್ರ ಆಗುತ್ತೆ."

"ನಂಗ್ಯಾಕೋ ಹೇಳಲಿಲ್ಲ ನೀನು?"

ಅವನು ಬಹಳ ಹೊತ್ತು ತೆಗೆದುಕೊಂಡ. "ನೀನು ಜ... ಜಗಳ ಆಡ್ತೀಯ. ಅವ... ಅವರು ಮಾ... ಮಾತು ಕೊಟ್ಟಿದಾರಲ್ಲ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿಯಿತು. ಮಾತು ಕೊಟ್ಟವರನ್ನು ಇಷ್ಟು ನಂಬುವ ಹಕ್ಕು ಅವನಿಗೆ ಯಾರು ಕೊಟ್ಟರು.

ಅಂದೇ ಬಸಲಿಂಗಮ್ಮನ ಮಗಳ ಮನೆಗೆ ಫೋನ್ ಮಾಡಿದೆ. ಬಸಲಿಂಗಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ಊರಿನ ಹಿರಿಯರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಹೀಗೆ ಕಾಣದಾದವರನ್ನು ಹಿಂದೆ ಒಮ್ಮೆ ಮರಳಿ ಕರೆಸಿದ್ದುಂಟಂತೆ. ಆ ಹೆಸರನ್ನು ಯಾರು ಹೆಚ್ಚು ಸಲ ಕರೆದಿದ್ದಾರೋ ಅವರು ಬಂದು ಎದುರಿಗೆ ಕೂರಬೇಕು. ಹೆಸರು ಬಾಯಿಗೆ ಬರುವುದಿಲ್ಲ, ಆದರೂ ಏಳಬಾರದು, ಬರುವವರೆಗೆ ಕೂತಿರಬೇಕು, ಕೊನೆಗೆ ಓ ಕೇಳಬೇಕು. "ಕೂತ್ರೆ ಬರುತ್ತೆ. ಕೂರೋರು ಬೇಕಲ್ಲ" ಎಂದರು ಹಿರಿಯರು.

ಹೆಚ್ಚು ಸಲ ಕರೆದವರಲ್ಲಿ ಉಳಿದವರು ಒಬ್ಬರೇ. ಸೋಮವಾರ ಅವರ ಗಾಜಿನ ಕೋಣೆಗೆ ಹೋದೆ. "ಜಯಣ್ಣ, ಅಣ್ಣ ಕಾಣ್ತಿಲ್ಲ" ಎಂದೆ, ಸರ್ ಎನ್ನಲಿಲ್ಲ.

"ಯಾರ ಅಣ್ಣ?" ಎಂದರು.

ಅವರು ನನ್ನ ಮುಖ ನೋಡಿದರು, ಹಣೆ ಉಜ್ಜಿಕೊಂಡರು. ಮುಖದ ಬಣ್ಣ ಇಳಿಯಿತು. "ಮೆಟ್ಟಿಲು ನೆನಪಿದೆ ಗಂಗಾ. ಅಡುಗೆಮನೆ ನೆನಪಿದೆ. ಮೊದಲನೇ ಕರೆ ಯಾರಿಗೋ ಮಾಡಿದ್ವಿ. ಭಾಷಣದಲ್ಲೆಲ್ಲ ಹೇಳ್ತೀನಿ ನಾನು, ಒಬ್ಬ ಮನುಷ್ಯನಿಗೋಸ್ಕರ ಶುರು ಮಾಡಿದ ಕಂಪನಿ ಇದು ಅಂತ." ಹೌದು, ಹೇಳುತ್ತಾರೆ. ಹಿಂದಿನ ವಾರವೂ ಹೇಳಿದ್ದರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ನಿಧಾನದವರ ಲೈನು ಈ ವಾರವೇ ಆಗಬೇಕು, ಇಂಥವರು ಊರಲ್ಲಿ ಇನ್ನೆಷ್ಟು ಜನ ಇದ್ದಾರೋ ಎಂದೆ. ಈ ವಾರ ಹೊಳೆಯಾಚೆ ನಾಲ್ಕು ಊರುಗಳಲ್ಲಿ ಉದ್ಘಾಟನೆ, ಅದು ಮುಗಿದ ಕೂಡಲೇ ಅದೇ ಮೊದಲ ಕೆಲಸ ಎಂದರು. "ಆದರೆ ಮನೆಗೆ ಇವತ್ತೇ ಬರ್ತೀನಿ, ನಾನೇ ಕೂರ್ತೀನಿ" ಎಂದರು. ಕಣ್ಣು ಒದ್ದೆಯಾಗಿತ್ತು. ಸುಳ್ಳು ಯಾಕೆ ಹೇಳಲಿ, ನಿಜವಾಗಿಯೂ ಒದ್ದೆಯಾಗಿತ್ತು.

ಸಂಜೆ ಬಂದರು. ಅಣ್ಣ ಮಧ್ಯಾಹ್ನವೇ ಕ್ಷೌರ ಮಾಡಿಕೊಂಡು ಇಸ್ತ್ರಿಯ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಜಯತೀರ್ಥರು ಎದುರಿನ ಕುರ್ಚಿ ಎಳೆದುಕೊಂಡು, ಅಣ್ಣನ ಬೆನ್ನ ಹಿಂದಿನ ಗೋಡೆ ನೋಡುತ್ತ "ಇಲ್ಲೇನಾ?" ಎಂದರು. ಇಲ್ಲೇ ಎಂದೆ. "ಹೆಸರು ಹೇಳಿಕೊಡು." ಹೇಳಿದೆ. ಬಾಯಿ ತೆರೆದರು, ಬರಲಿಲ್ಲ. ಮತ್ತೆ ಹೇಳಿದೆ. ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದೆ. "ರು..." ಎಂದರು. "ರು... ರು..." ಅಷ್ಟಕ್ಕೇ ನಿಂತಿತು. ಹಣೆಯ ಮೇಲೆ ಬೆವರು ಬಂತು, ಕತ್ತಿನ ನರ ಉಬ್ಬಿತು.

ಅಣ್ಣನಿಗೆ ಅದು ಏನೆಂದು ಗೊತ್ತು, ಊರಲ್ಲಿ ಇನ್ನಾರಿಗೂ ಗೊತ್ತಿಲ್ಲದಷ್ಟು ಗೊತ್ತು. ಅವನು ಅವಸರ ಮಾಡಲಿಲ್ಲ. ತಲೆ ಬಗ್ಗಿಸಿ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಅವರ ಓರೆಯಾದ ಬಾಯಿಯನ್ನು ನೋಡಿದರೂ ನೋಡದವನಂತೆ ಕಾದ. ಕಿಟಕಿಯಲ್ಲಿ ಬಿಸಿಲು ಕೆಂಪಾಗಿತ್ತು. ಜಯತೀರ್ಥರು ಮತ್ತೆ ಉಸಿರೆಳೆದುಕೊಂಡರು. "ರುದ್... ರುದ್ರ..." ಎಂದರು. ಬಂದಿತ್ತು. ಅರ್ಧ ಬಂದಿತ್ತು, ಆ ಅರ್ಧವೇ ಸಾಕಾಗಿತ್ತು, ಬಸಲಿಂಗಮ್ಮ ಕರೆಯುತ್ತಿದ್ದದ್ದೂ ಅಷ್ಟನ್ನೇ. ಅಣ್ಣ ತಲೆಯೆತ್ತಿದ. ಬಾಯಿ ತೆರೆದ. ನಾನು ಗೋಡೆಗೆ ಒರಗಿ ನಿಂತೆ.

ಜಯತೀರ್ಥರು ಕಿವಿಗೊಟ್ಟರು. ಎರಡು ಉಸಿರು, ಮೂರು, ನಾಲ್ಕು. ಅವರ ಕಣ್ಣಿಗೆ ಖಾಲಿಯಾಗಿದ್ದ ಎದುರಿನ ಕುರ್ಚಿಯಿಂದ ಏನೂ ಕೇಳಿಸಲಿಲ್ಲ. ಜೇಬಿನಲ್ಲಿ ಫೋನು ಗುರ್ ಎಂದಿತು. ನೋಡಿದರು. "ಹೊಳೆಯಾಚೆಯಿಂದ" ಎಂದರು. "ಕೂತ್ಕೊಳ್ಳಿ ಜಯಣ್ಣ, ಬರ್ತಿದೆ, ಬಾಯಿ ತೆಗೆದಿದಾನೆ" ಎಂದೆ. "ಒಂದೇ ನಿಮಿಷ ಗಂಗಾ" ಎಂದು ಎದ್ದು ಅಂಗಳಕ್ಕೆ ಹೋದರು. ನಾನು ಹಿಂದೆಯೇ ಓಡಿ ತೋಳು ಹಿಡಿದೆ. ಮೆಲ್ಲಗೆ ಬಿಡಿಸಿಕೊಂಡರು. ಅಲ್ಲಿ ಏನೋ ಬಿದ್ದುಹೋಗಿದೆ, ಸಾವಿರಾರು ಜನಕ್ಕೆ ಕರೆ ಹೋಗುತ್ತಿಲ್ಲ, ನಾಳೆ ಖಂಡಿತ ಬರ್ತೀನಿ, ಇವತ್ತು ಅರ್ಧ ಬಂತಲ್ಲ, ನಾಳೆ ಪೂರ್ತಿ ಬರುತ್ತೆ ಎಂದರು. ಕಾರಿನ ಬಾಗಿಲು ಹಾಕಿಕೊಂಡರು.

ಕಾರು ಗೋದಾಮಿನ ಮೂಲೆ ತಿರುಗಿದ ಮೇಲೆ ಒಳಗಿನಿಂದ ಅಣ್ಣನ ದನಿ ಬಂತು. "ಓ." ಒಡೆಯದೆ, ಎಲ್ಲೂ ತಡೆಯದೆ, ಬೀದಿಯ ಕೊನೆಯವರೆಗೂ ಮುಟ್ಟುವಷ್ಟು ಗಟ್ಟಿಯಾಗಿ ಬಂತು. ಅಪಾರ್ಟ್‌ಮೆಂಟಿನ ಕಿಟಕಿಗಳಲ್ಲಿ ಟೀವಿ ಉರಿಯುತ್ತಿದ್ದವು. ಯಾರೂ ತಿರುಗಿ ನೋಡಲಿಲ್ಲ. ಕೇಳಿಸಿಕೊಂಡವಳು ನಾನೊಬ್ಬಳೇ. ನಾನು ಮನೆಯವಳು.